ಹಳೇ ಕ್ರೂಸ್ ಹಡಗಲ್ಲಿ ಒಂದು ಸೀ ಡೇ: ನಡು ಸಮುದ್ರದಲ್ಲಿ 40 ನಿಮಿಷ ಎಂಜಿನ್ ನಿಂತಿತ್ತು, ಇದು ಮಾಮೂಲಾ?

ಕಿಟಕಿಸೀಟು

ಹೋದ ತಿಂಗಳು ಒಂದು ಹಳೇ ಕ್ರೂಸ್ ಹಡಗಲ್ಲಿ ಹೋಗ್ಬಂದೆ. ಹಡಗಿನ ಹೆಸರು, ಕಂಪನಿ ಹೆಸರು ಎರಡೂ ಹೇಳಲ್ಲ, ದಯವಿಟ್ಟು ಕೇಳ್ಬೇಡಿ. ಮೂವತ್ತು ವರ್ಷ ದಾಟಿರೋ ಹಡಗು, ಈಗಿರೋದು ಅದರ ಮೂರನೇ ಹೆಸರು. ಹತ್ತೋಕೆ ಮುಂಚೆ ಬಂದರಲ್ಲಿ ನಿಂತು ಮೂತಿ ಕಡೆ ನೋಡಿದ್ರೆ ಬಿಳಿ ಪೇಂಟ್ ಅಡಿಯಲ್ಲಿ ಹಳೇ ಹೆಸರಿನ ಅಕ್ಷರಗಳು ಉಬ್ಬಿಕೊಂಡು ಕಾಣ್ತಿದ್ವು, ವೆಲ್ಡಿಂಗ್ ಮಾಡಿ ಬರೆದಿದ್ದಂತೆ, ಎಷ್ಟು ಕೋಟ್ ಹೊಡೆದ್ರೂ ಮುಚ್ಚಿಲ್ಲ.

ಎರಡು ಬಂದರುಗಳ ಮಧ್ಯೆ ಎಲ್ಲೂ ನಿಲ್ಲದೆ ಬರೀ ನೀರಲ್ಲೇ ಹೋಗೋ ದಿನಕ್ಕೆ ಸೀ ಡೇ ಅಂತಾರೆ. ಆ ಒಂದು ದಿನದ್ದೇ ಇಲ್ಲಿ ಹೇಳ್ಬೇಕಿರೋದು.

ಎದ್ದಿದ್ದು ಬೆಳಗ್ಗೆ ನಾಲ್ಕಕ್ಕೆ, ಎದ್ದಿದ್ದು ಅನ್ನೋದಕ್ಕಿಂತ ಎಬ್ಬಿಸಿದ್ದು. ಕೆಳಗಿನ ಡೆಕ್, ಹಿಂಭಾಗದ ಕ್ಯಾಬಿನ್. ಗೋಡೆಯ ಪ್ಯಾನೆಲ್ ಕಿರ್‌ರ್ ಅನ್ನೋದು, ಒಂದು ಕ್ಷಣ ಸುಮ್ನಾಗೋದು, ಮತ್ತೆ ಆ ಕಡೆಯಿಂದ ಕಿರ್‌ರ್. ಬೀರು ಒಳಗೆ ಹ್ಯಾಂಗರ್‌ಗಳು ಟಣ್ ಟಣ್. ಇದೆಲ್ಲದರ ಮೇಲೆ ಮೇಜಿನ ಡ್ರಾಯರ್, ಹಡಗು ವಾಲಿದಾಗೆಲ್ಲ ಅರ್ಧ ಇಂಚು ಹೊರಗೆ ಬಂದು ಠಪ್ ಅಂತ ಒಳಗೆ ಹೋಗೋದು. ಆ ಡ್ರಾಯರಿನ ಸಂದಿಗೆ ಹಿಂದೆ ಇದ್ದೋರು ಯಾರೋ ನಾಲ್ಕು ಮಡಿಕೆ ಮಾಡಿದ ಕಾಗದ ಸಿಕ್ಕಿಸಿದ್ರು, ನಾನು ಮಹಾ ಶುಚಿ ಅಂತ ಮೊದಲನೇ ದಿನಾನೇ ಅದನ್ನ ಕಿತ್ತು ಬಿಸಾಕಿದ್ದೆ. ಅದ್ಯಾಕೆ ಅಲ್ಲಿತ್ತು ಅಂತ ಆ ರಾತ್ರಿ ಅರ್ಥ ಆಯ್ತು.

ನಿದ್ದೆ ಹೋಯ್ತಲ್ಲ ಅಂತ ಡೆಕ್‌ಗೆ ಬಂದೆ. ಹಳೇ ಹಡಗಿನ ಸುಖ ಇಲ್ಲೇ ಇರೋದು. ಹಡಗಿನ ಸುತ್ತ ಒಂದು ಪೂರ್ತಿ ಪ್ರದಕ್ಷಿಣೆ ಹಾಕೋ ಹಾಗೆ ತೇಗದ ಮರದ ಡೆಕ್, ತಲೆ ಮೇಲೆ ಲೈಫ್‌ಬೋಟ್‌ಗಳು, ಇಬ್ಬರು ಪೈಪ್ ಹಿಡ್ಕೊಂಡು ತೊಳೀತಿದ್ರು, ಒದ್ದೆ ಮರದ ವಾಸನೆ ಜೊತೆಗೆ ಸ್ವಲ್ಪ ಡೀಸೆಲ್ ವಾಸನೆ. ಕಂಬಿ ಮೇಲೆ ಕೈ ಇಟ್ರೆ ಉಪ್ಪು ಅಂಟುತ್ತೆ. ಲೈಫ್‌ಬೋಟ್ ನೇತಾಡೋ ಕಬ್ಬಿಣದ ತೋಳಿಂದ ಕೆಳಗೆ ತುಕ್ಕಿನ ನೀರು ಗೆರೆ ಗೆರೆಯಾಗಿ ಇಳಿದಿತ್ತು. ನಮ್ಮ ಕಾರಿಡಾರಲ್ಲಿ ಸೀಲಿಂಗಿಂದ ತೊಟ್ಟಿಕ್ತಾ ಇದ್ದ ನೀರಿಗೆ ಒಂದು ಬಕೆಟ್ ಇಟ್ಟಿದ್ರು, ಆ ಬಕೆಟ್ ನಾವು ಹತ್ತಿದ ದಿನದಿಂದ ಇಳಿಯೋ ದಿನದ ತನಕ ಅಲ್ಲೇ ಇತ್ತು, ಬರ್ತಾ ಬರ್ತಾ ಅದಕ್ಕೊಂದು ಗುಡ್ ಮಾರ್ನಿಂಗ್ ಹೇಳೋ ಅಭ್ಯಾಸ ಆಗಿತ್ತು.

ಮಧ್ಯಾಹ್ನ 12ಕ್ಕೆ ಕ್ಯಾಪ್ಟನ್ ಅನೌನ್ಸ್‌ಮೆಂಟ್. ವೇಗ 16 ನಾಟ್, ಅಂದ್ರೆ ಗಂಟೆಗೆ ಸುಮಾರು 30 ಕಿ.ಮೀ., ಕೆಳಗೆ ಮೂರು ಸಾವಿರ ಮೀಟರಿಗೂ ಜಾಸ್ತಿ ಆಳ ಅಂದ್ರು. ಆ ಆಳದ ವಿಷಯ ಯಾಕ್ ಹೇಳ್ತಾರೋ ಗೊತ್ತಿಲ್ಲ, ಊಟಕ್ಕೆ ಕೂತಾಗ ಬೇಕಿರ್ಲಿಲ್ಲ.

ಈಗ ವಿಷಯಕ್ಕೆ ಬರ್ತೀನಿ. ಮೂರು ಗಂಟೆ ಹೊತ್ತಿಗೆ ಹಿಂದಿನ ಲೌಂಜಲ್ಲಿ ಕಾಫಿ ಇಟ್ಕೊಂಡು ಕೂತಿದ್ದೆ. ಹತ್ತಿದ ದಿನದಿಂದ ಗಮನಿಸಿದ್ದೆ, ಈ ಹಡಗಲ್ಲಿ ಎಲ್ಲೇ ಕಾಫಿ ಇಟ್ರೂ ಅದರ ಮೇಲೆ ಸಣ್ಣ ಸಣ್ಣ ಬಳೆ ತರ ಅಲೆ ಇರುತ್ತೆ, ಎಂಜಿನ್ ನಡುಕಕ್ಕೆ. ನೋಡ್ತಾ ಇದ್ದ ಹಾಗೆ ಆ ಬಳೆಗಳು ಮಾಯ ಆದ್ವು. ಕಾಫಿ ಕನ್ನಡಿ ತರ ನಿಂತುಬಿಡ್ತು. ಆಮೇಲೆ ಲೈಟ್ ಹೋಯ್ತು, ಎಸಿ ಗಾಳಿಯ ಸುಂಯ್ ಶಬ್ದ ನಿಲ್ತು. ಅಷ್ಟು ಜನ ಇದ್ದ ಜಾಗದಲ್ಲಿ ಅಷ್ಟು ನಿಶ್ಶಬ್ದ ನಾನು ಕೇಳಿಲ್ಲ. ನೆಲದ ಹತ್ತಿರ ಸಣ್ಣ ದೀಪ ಹತ್ಕೊಂಡ್ವು, ಅರ್ಧ ನಿಮಿಷದಲ್ಲಿ ಕೆಲವು ದೊಡ್ಡ ಲೈಟೂ ಬಂದ್ವು, ಆದ್ರೆ ನಡುಕ ಬರ್ಲಿಲ್ಲ. ಸ್ವಲ್ಪ ಹೊತ್ತಿಗೆ ಹಡಗು ನಿಧಾನಕ್ಕೆ ಅಡ್ಡ ತಿರುಗಿ ವಾಲೋಕೆ ಶುರು ಮಾಡ್ತು ನೋಡಿ, ಆ ಕಡೆಗೆ ಹೋಗಿ ಒಂದು ಸಲ ನಿಂತು ಯೋಚನೆ ಮಾಡಿ ಆಮೇಲೆ ಈ ಕಡೆ ಬರೋದು. ಕಪ್ಪುಗಳು ಮೇಜಿಂದ ಒಂದೊಂದಾಗಿ ಜಾರಿದ್ವು. ನನ್ನ ಎದುರಿಗಿದ್ದ ಒಬ್ರು ಅಜ್ಜಿ ಮಾತ್ರ ಉಲ್ಲನ್ ಹೆಣೀತಾ ಇದ್ದೋರು ನಿಲ್ಲಿಸ್ಲೇ ಇಲ್ಲ, ಉಂಡೆ ಉರುಳಿ ಹೋಗ್ದಿರೋ ಹಾಗೆ ಕಾಲಲ್ಲಿ ಒತ್ತಿ ಹಿಡ್ಕೊಂಡು ಹೆಣೀತಾನೇ ಇದ್ರು.

40 ನಿಮಿಷ ಆದ್ಮೇಲೆ ಎಂಜಿನ್ ಬಂತು. ತಾಂತ್ರಿಕ ತೊಂದರೆ ಇತ್ತು ಈಗ ಸರಿಯಾಗಿದೆ ಅಂತ ಎರಡು ಸಾಲು ಹೇಳಿ ಮುಗಿಸಿದ್ರು. ಇದು ಮಾಮೂಲಾ ಇಲ್ಲಾ ನಾವು ಬಚಾವಾಗಿ ಬಂದಿದೀವಾ? ತಮ್ಮ ಜೊತೆಗಿದ್ದ, ಇನ್ನು ಜನ್ಮದಲ್ಲಿ ಹಡಗು ಹತ್ತಲ್ಲ ಅಂತಿದಾನೆ. ನಂಗೆ ಮತ್ತೆ ಹೋಗ್ಬೇಕು ಅನ್ಸ್ತಿದೆ.

ಸಂದೇಹಾಸುರ

ನಿಮ್ಮ ತಮ್ಮನ ಮಾತು ಕೇಳಿ. ಸೀಲಿಂಗ್ ಸೋರುತ್ತೆ, ತುಕ್ಕು ಇಳೀತಿದೆ, ನಡು ಸಮುದ್ರದಲ್ಲಿ ಕರೆಂಟ್ ಹೋಗುತ್ತೆ, ಇದಕ್ಕೆ ಹಡಗು ಅಂತೀರಾ? ಗುಜರಿಗೆ ಹೋಗೋ ದಾರೀಲಿ ನಿಮ್ಮನ್ನ ಹತ್ತಿಸ್ಕೊಂಡಿದಾರೆ ಅಷ್ಟೇ. ಅಗ್ಗಕ್ಕೆ ಸಿಗ್ತು ಅಂತ ಪ್ರಾಣ ಒತ್ತೆ ಇಡೋಕಾಗುತ್ತಾ.

ಕಬ್ಬಿಣದ_ಕಡಲೆ

19 ವರ್ಷ ಹಡಗುಗಳ ಎಂಜಿನ್ ರೂಮಲ್ಲಿ ಕೆಲಸ ಮಾಡಿದೀನಿ, ಅದರಲ್ಲಿ ಏಳು ವರ್ಷ ಪ್ಯಾಸೆಂಜರ್ ಹಡಗು. ಕಿಟಕಿಸೀಟು ಅವರೇ, ಕಾಫಿ ಬಳೆ ಮೊದಲು ನಿಂತು ಆಮೇಲೆ ಲೈಟ್ ಹೋಯ್ತು ಅಂತ ನೋಡಿದೀರಲ್ಲ, ಭೇಷ್. ನಾವು ಕೆಳಗೆ ಇದ್ದೋರು ಕೂಡ ಕಿವೀಲೇ ಮೊದಲು ಗೊತ್ತು ಮಾಡ್ಕೊಳ್ಳೋದು, ಮೀಟರ್ ನೋಡೋದು ಆಮೇಲೆ.

ನಿಮಗೆ ಆಗಿದ್ದಕ್ಕೆ ಬ್ಲ್ಯಾಕ್‌ಔಟ್ ಅಂತಾರೆ. 90ರ ದಶಕದ ಬಹಳಷ್ಟು ಕ್ರೂಸ್ ಹಡಗು ಡೀಸೆಲ್-ಎಲೆಕ್ಟ್ರಿಕ್. ಅಂದ್ರೆ ಎಂಜಿನ್ನಿಗೂ ಪ್ರೊಪೆಲ್ಲರಿಗೂ ನೇರ ಸಂಬಂಧ ಇಲ್ಲ, ಕೆಳಗೆ ಇರೋದು ಒಂದು ಪವರ್ ಹೌಸ್ ಅಂತಲೇ ತಿಳ್ಕೊಳ್ಳಿ. ನಾಲ್ಕೈದು ಆರು ಜನರೇಟರ್ ಸೇರಿ ಕರೆಂಟ್ ತಯಾರ್ ಮಾಡ್ತಾವೆ, ಅದೇ ಕರೆಂಟಲ್ಲಿ ಪ್ರೊಪೆಲ್ಲರ್ ಮೋಟಾರೂ ತಿರುಗ್ಬೇಕು ನಿಮ್ಮ ಕಾಫಿ ಮೆಷಿನ್ನೂ ಓಡ್ಬೇಕು. ಓಡ್ತಿರೋದ್ರಲ್ಲಿ ಒಂದು ಜನರೇಟರ್ ಟ್ರಿಪ್ ಆಯ್ತು, ಅಂದ್ರೆ ತಾನೇ ಆಫ್ ಆಯ್ತು ಅಂದ್ಕೊಳ್ಳಿ, ಅದರ ಲೋಡ್ ಉಳಿದವುಗಳ ತಲೆ ಮೇಲೆ ಬೀಳುತ್ತೆ. ಎಸಿ, ಅಡುಗೆಮನೆ ಇಂಥವನ್ನ ಸಿಸ್ಟಮ್ ತಾನೇ ಕಿತ್ತು ಹಾಕಿ ಲೋಡ್ ಇಳಿಸೋಕೆ ನೋಡುತ್ತೆ, ಅಷ್ಟರಲ್ಲಿ ತಡೀಲಿಲ್ಲ ಅಂದ್ರೆ ಒಂದರ ಹಿಂದೆ ಒಂದು ಎಲ್ಲಾ ಟ್ರಿಪ್. ಸುಟ್ಟು ಹೋಗೋ ಬದಲು ನಿಂತ್ಕೊಳ್ಳೋದು, ಅದನ್ನ ಹಾಗೇ ಮಾಡಿರ್ತಾರೆ.

ಅರ್ಧ ನಿಮಿಷದಲ್ಲಿ ಬಂದ ಲೈಟ್ ಎಮರ್ಜೆನ್ಸಿ ಜನರೇಟರಿಂದು. ಅದು ಎಂಜಿನ್ ರೂಮಲ್ಲಿ ಇರಲ್ಲ, ಬೇಕಂತಲೇ ಮೇಲಿನ ಡೆಕ್ಕಲ್ಲಿ ಇಟ್ಟಿರ್ತಾರೆ, ಕೆಳಗೆ ನೀರು ತುಂಬಿದ್ರೂ ಬೆಂಕಿ ಬಿದ್ರೂ ಅದು ಓಡ್ಬೇಕು. ಸೋಲಾಸ್ ಅಂತ ಅಂತರರಾಷ್ಟ್ರೀಯ ನಿಯಮ ಇದೆ, ಅದರ ಪ್ರಕಾರ 45 ಸೆಕೆಂಡ್ ಒಳಗೆ ಲೋಡ್ ತಗೋಬೇಕು, ಪ್ಯಾಸೆಂಜರ್ ಹಡಗಾದ್ರೆ 36 ಗಂಟೆ ನಡೆಸೋ ಶಕ್ತಿ ಇರ್ಬೇಕು. ನೆಲದ ಹತ್ತಿರ ಮೊದಲು ಹತ್ತಿದ್ದು ಬ್ಯಾಟರಿ ದೀಪ. ಆದ್ರೆ ಈ ಎಮರ್ಜೆನ್ಸಿ ಜನರೇಟರಿಗೆ ಪ್ರೊಪೆಲ್ಲರ್ ತಿರುಗಿಸೋ ತಾಕತ್ತಿಲ್ಲ, ಲೈಟು, ರೇಡಿಯೋ, ಬೆಂಕಿ ಪಂಪು ಅಷ್ಟೇ.

ಹಡಗು ವಾಲಿದ್ದು ಯಾಕೆ ಅಂದ್ರೆ, ಹೊಟ್ಟೆಯ ಎರಡೂ ಪಕ್ಕ ಮೀನಿನ ಈಜುರೆಕ್ಕೆ ತರ ಸ್ಟೆಬಿಲೈಸರ್ ಇರ್ತಾವೆ, ಅವು ಕೆಲಸ ಮಾಡೋದು ನೀರು ಅವುಗಳ ಮೇಲೆ ಹರೀತಾ ಇದ್ದಾಗ. ಹಡಗು ನಿಂತ್ರೆ ಅವು ಬರೀ ಹಲಗೆ. ನಿಂತ ಹಡಗು ತಾನಾಗೇ ಅಲೆಗೆ ಅಡ್ಡ ತಿರುಗುತ್ತೆ, ಆಮೇಲೆ ತೊಟ್ಟಿಲು.

40 ನಿಮಿಷಕ್ಕೆ ಎಬ್ಬಿಸಿದಾರೆ ಅಂದ್ರೆ ಕೆಳಗಿನೋರು ಚೆನ್ನಾಗೇ ಕೆಲಸ ಮಾಡಿದಾರೆ. ಒಂದೊಂದೇ ಜನರೇಟರ್ ಸ್ಟಾರ್ಟ್ ಮಾಡಿ, ಯಾಕೆ ಬಿತ್ತು ಅಂತ ನೋಡಿ, ಲೋಡ್ ಏರಿಸ್ಬೇಕು, ಅವಸರ ಮಾಡಿದ್ರೆ ಮತ್ತೆ ಮೊದಲಿಂದ. ಆಗ ಆ ಶೆಕೆಯಲ್ಲಿ ಬನಿಯನ್ ಹಿಂಡಿದ್ರೆ ಅರ್ಧ ಲೀಟರ್ ಬೆವರು ಬರುತ್ತೆ. ಮೇಲಿನೋರು ಎರಡು ಸಾಲಲ್ಲಿ ಮುಗಿಸ್ತಾರೆ.

ಸಂದೇಹಾಸುರ

ಕಡಲೆ ಸಾರ್, ವಿವರ ಚೆನ್ನಾಗಿದೆ, ಆದ್ರೆ ನನ್ನ ಪ್ರಶ್ನೆಗೆ ಉತ್ತರ ಬರ್ಲಿಲ್ಲ. ಹಳೇದಾಗಿದ್ದಕ್ಕೇ ತಾನೇ ಟ್ರಿಪ್ ಆಗಿದ್ದು? ಹೊಸ ಹಡಗಾಗಿದ್ರೆ?

ಕಬ್ಬಿಣದ_ಕಡಲೆ

ಹೊಸ ಹಡಗಾ. 2019ರ ಮಾರ್ಚಲ್ಲಿ ವೈಕಿಂಗ್ ಸ್ಕೈ ಅನ್ನೋ ಹಡಗು ನಾರ್ವೆ ತೀರದಲ್ಲಿ ಬಿರುಗಾಳಿ ಮಧ್ಯೆ ಬ್ಲ್ಯಾಕ್‌ಔಟ್ ಆಗಿ ಬಂಡೆಗಳ ಕಡೆ ತೇಲಿ ಹೋಯ್ತು, 479 ಜನರನ್ನ ಹೆಲಿಕಾಪ್ಟರಲ್ಲಿ ಒಬ್ಬೊಬ್ಬರನ್ನಾಗಿ ಎತ್ತಿದ್ರು. ಆ ಹಡಗಿಗೆ ಆಗ ಎರಡು ವರ್ಷ. ಕಾರಣ ಏನು ಅಂದ್ರೆ ಟ್ಯಾಂಕಲ್ಲಿ ಲೂಬ್ರಿಕೇಶನ್ ಆಯಿಲ್ ಕಡಿಮೆ ಇತ್ತು, ಹಡಗು ಕುಣಿದಾಗ ಪಂಪಿಗೆ ಆಯಿಲ್ ಸಿಗ್ಲಿಲ್ಲ, ಜನರೇಟರ್‌ಗಳು ತಮ್ಮನ್ನ ತಾವು ಉಳಿಸ್ಕೊಳ್ಳೋಕೆ ನಿಂತ್ವು. 2013ರ ಫೆಬ್ರವರಿಲಿ ಕಾರ್ನಿವಲ್ ಟ್ರಯಂಫ್ ಎಂಜಿನ್ ರೂಮ್ ಬೆಂಕಿ ಆಗಿ ಗಲ್ಫ್ ಆಫ್ ಮೆಕ್ಸಿಕೋದಲ್ಲಿ ದಿನಗಟ್ಟಲೆ ಕರೆಂಟಿಲ್ದೆ ಟಾಯ್ಲೆಟ್ಟಿಲ್ದೆ 4 ಸಾವಿರಕ್ಕೂ ಜಾಸ್ತಿ ಜನ ಪರದಾಡಿದ್ರು, ಅದು 1999ರ ಹಡಗು, ಕ್ರೂಸ್ ಲೆಕ್ಕದಲ್ಲಿ ಇನ್ನೂ ಪ್ರಾಯ. ಕೋಸ್ಟಾ ಕಾಂಕಾರ್ಡಿಯಾ 2012ರ ಜನವರಿಲಿ ಬಂಡೆಗೆ ತಾಗಿ 32 ಜನ ಹೋದ್ರಲ್ಲ, ಅದಕ್ಕೆ ಆರು ವರ್ಷ ಕೂಡ ತುಂಬಿರ್ಲಿಲ್ಲ.

ಹಳೇದು ಅಂದ್ರೆ ಕೆಲಸ ಜಾಸ್ತಿ ಹಿಡಿಯುತ್ತೆ, ಅದನ್ನ ಒಪ್ತೀನಿ. ಪೈಪ್ ಗೋಡೆ ತೆಳುವಾಗಿರುತ್ತೆ, ಕೇಬಲ್ ಮೇಲಿನ ರಬ್ಬರ್ ಒಣಗಿರುತ್ತೆ, ಕೆಲವು ಪಾರ್ಟ್ ಮಾಡೋ ಕಂಪನಿಯೇ ಮುಚ್ಚಿ ಹೋಗಿರುತ್ತೆ, ಲೇತ್ ಮೇಲೆ ನಾವೇ ಕಡೆದು ಹಾಕಿದ್ದುಂಟು. ದುಡ್ಡು ಹಾಕೋ ಮಾಲೀಕ ಇದ್ರೆ ಹಳೇ ಹಡಗು ಓಡುತ್ತೆ. ಇಲ್ದಿದ್ರೆ ಹೊಸದೂ ನಿಲ್ಲುತ್ತೆ.

ಆ ಬಕೆಟ್ ವಿಷಯ. ಅದು ಸಮುದ್ರದ ನೀರಲ್ಲ, ಬಹುಶಃ ಎಸಿ ಪೈಪ್ ಮೇಲಿನ ಇನ್ಸುಲೇಶನ್ ಹರಿದು ಬೆವರಿರೋ ನೀರು. ತುಕ್ಕಿನ ಗೆರೆ ಕೂಡ ಹಾಗೇನೇ, ಒಂದು ಬೋಲ್ಟ್ ತುಕ್ಕು ಹಿಡಿದ್ರೆ ಮಳೆ ನೀರು ಅದನ್ನ ಹತ್ತಡಿ ಉದ್ದಕ್ಕೆ ಇಳಿಸಿ ಮಾನ ಕಳೆಯುತ್ತೆ. ನಾನು ಪ್ಯಾಸೆಂಜರ್ ಆಗಿ ಹೋದ್ರೆ ಅದನ್ನ ನೋಡಲ್ಲ. ಬೆಂಕಿ ಹರಡದ ಹಾಗೆ ತಡೆಯೋ ಕಾರಿಡಾರಿನ ಫೈರ್ ಡೋರಿಗೆ ಯಾರಾದ್ರೂ ಮರದ ತುಂಡು ಕೊಟ್ಟು ತೆರೆದಿಟ್ಟಿದಾರಾ ನೋಡ್ತೀನಿ. ಮಸ್ಟರ್ ಡ್ರಿಲ್, ಅಂದ್ರೆ ಅಪಾಯ ಬಂದ್ರೆ ಎಲ್ಲಿ ಸೇರ್ಬೇಕು ಅಂತ ಮಾಡಿಸೋ ತಾಲೀಮು, ಆ ಟೈಮಲ್ಲಿ ಸಿಬ್ಬಂದಿ ಮುಖ ನೋಡ್ತೀನಿ, ಎಲ್ಲಿ ನಿಲ್ಬೇಕು ಅಂತ ಅವರಿಗೇ ಗೊತ್ತಿಲ್ಲ ಅಂದ್ರೆ ಆಗ ನಂಗೂ ಭಯ.

ನಿದ್ದೆಪ್ರಿಯೆ

ಎಂಜಿನ್ ಪುರಾಣ ನಡೀಲಿ, ನಾನು ನಿದ್ದೆ ವಿಷಯಕ್ಕೆ ಬರ್ತೀನಿ. ಹಿಂಭಾಗದ ಕೆಳಗಿನ ಕ್ಯಾಬಿನ್ ಯಾಕ್ರೀ ತಗೊಂಡ್ರಿ?? ಹಳೇ ಹಡಗಲ್ಲಿ ಪ್ರೊಪೆಲ್ಲರ್ ಶಾಫ್ಟ್ ನಡುಕ ಪೂರ್ತಿ ಅಲ್ಲೇ. ಮಧ್ಯ ಭಾಗ, ಕೆಳಗಿನ ಡೆಕ್, ಇದನ್ನ ಕಣ್ಣು ಮುಚ್ಚಿ ತಗೊಳ್ಳಿ, ತಕ್ಕಡಿಯ ಮುಳ್ಳಿದ್ದ ಹಾಗೆ, ತುದಿಗಳು ಎದ್ದು ಬಿದ್ದು ಮಾಡಿದ್ರೂ ನಡು ಅಷ್ಟು ಅಲ್ಲಾಡಲ್ಲ. ಹ್ಯಾಂಗರ್ ಎಲ್ಲಾ ತೆಗೆದು ಹಾಸಿಗೆ ಕೆಳಗೆ, ಕಿರುಗುಟ್ಟೋ ಪ್ಯಾನೆಲ್ ಸಂದಿಗೆ ಮುಖ ಒರೆಸೋ ಟವೆಲ್ ಮಡಿಚಿ ತುರುಕೋದು. ನಾನು ಒಂದು ರಾತ್ರಿ ಸ್ನಾನದ ಚಪ್ಪಲಿ ತುರುಕಿ ಮಲಗಿದೀನಿ, ಬೆಳಗ್ಗೆ ಕ್ಯಾಬಿನ್ ಕ್ಲೀನ್ ಮಾಡೋ ಹುಡುಗ ಗೋಡೆಯಲ್ಲಿ ನೇತಾಡ್ತಿದ್ದ ಚಪ್ಪಲಿ ನೋಡಿ ಏನೂ ಮಾತಾಡ್ದೆ ಇನ್ನೊಂದು ಕಡೆ ಸಂದಿಗೆ ರಟ್ಟು ಸಿಕ್ಕಿಸಿ ಹೋದ.

ಕಡಲೆ ಸಾರ್, ಈ ಕಿರ್‌ರ್ ಶಬ್ದ ಒಳ್ಳೇದಾ ಕೆಟ್ಟದ್ದಾ?

ಕಬ್ಬಿಣದ_ಕಡಲೆ

ಒಳ್ಳೇದು ಮೇಡಂ. ಹಡಗು ಅಲೆ ಮೇಲೆ ಬಗ್ಗಬೇಕು, ಬಗ್ಗದೆ ಬಿಗಿಯಾಗಿ ನಿಂತ್ರೆ ಕಬ್ಬಿಣ ಬಿರುಕು ಬಿಡುತ್ತೆ. ಹೊರಗಿನ ಉಕ್ಕು ಬಗ್ಗುವಾಗ ಒಳಗಿನ ಪ್ಯಾನೆಲ್ ಉಜ್ಜಿ ಶಬ್ದ ಮಾಡುತ್ತೆ. ಚಪ್ಪಲಿ ಐಡಿಯಾ ನಾನೂ ಕೇಳಿರ್ಲಿಲ್ಲ.

ಹಳೇಹಡಗು_ಹುಚ್ಚ

ಇಷ್ಟೊತ್ತು ಸುಮ್ನೆ ಓದ್ತಿದ್ದೆ, ಗುಜರಿ ಅಂದ ಕೂಡ್ಲೇ ತಡ್ಕೊಳ್ಳೋಕಾಗ್ಲಿಲ್ಲ. ಅಸುರರೇ, ಸ್ಟಾಕ್‌ಹೋಮ್ ಅಂತ ಒಂದು ಹಡಗಿತ್ತು, 1948ರಲ್ಲಿ ಮೊದಲ ಪ್ರಯಾಣ, 1956ರ ಜುಲೈಯಲ್ಲಿ ಮಂಜು ಕವಿದ ರಾತ್ರಿ ಆಂಡ್ರಿಯಾ ಡೋರಿಯಾ ಅನ್ನೋ ದೊಡ್ಡ ಇಟಾಲಿಯನ್ ಹಡಗಿಗೆ ಗುದ್ದಿತು, ಡೋರಿಯಾ ಮಾರನೇ ಬೆಳಗ್ಗೆ ಮುಳುಗ್ತು, ಇದು ಮೂತಿ ಜಜ್ಜಿಸ್ಕೊಂಡು ನ್ಯೂಯಾರ್ಕಿಗೆ ವಾಪಸ್ ಬಂತು, ರಿಪೇರಿ ಆಯ್ತು, ದೇಶ ಬದಲಾಯ್ತು, ಹೆಸರು ಎಷ್ಟೋ ಸಲ ಬದಲಾಯ್ತು, 90ರ ದಶಕದಲ್ಲಿ ಮೇಲಿನದೆಲ್ಲ ಕಿತ್ತು ಹೊಸದಾಗಿ ಕಟ್ಟಿದ್ರು, ಕೊನೆಗೆ ಅಸ್ಟೋರಿಯಾ ಅನ್ನೋ ಹೆಸರಲ್ಲಿ 2020ರ ತನಕ ಪ್ಯಾಸೆಂಜರ್ ತಗೊಂಡು ಓಡ್ತು, 2025ರಲ್ಲಿ ಬೆಲ್ಜಿಯಮ್ಮಿನ ಗೆಂಟಿಗೆ ಒಡೆಯೋಕೆ ಹೋಯ್ತು. ಇನ್ನೊಂದು ಕಡೆ ಸಾವರಿನ್ ಆಫ್ ದ ಸೀಸ್, 1988ರ ಹಡಗು, ಬಂದಾಗ ದೈತ್ಯ ಅಂತ ಎಲ್ಲರೂ ಬಾಯಿ ಬಿಟ್ಕೊಂಡು ನೋಡಿದ್ದು, 2020ರಲ್ಲಿ ಕೊರೊನಾ ಬಂದು ಕ್ರೂಸ್ ನಿಂತ ಕೂಡ್ಲೇ ಟರ್ಕಿಯ ಅಲಿಯಾಗಾ ತೀರಕ್ಕೆ ಓಡಿಸಿ ಕತ್ತರಿಸಿದ್ರು. ಹಾಳಾಗಿದ್ದಕ್ಕಲ್ಲ, ಲೆಕ್ಕ ಕೂಡಿ ಬರ್ಲಿಲ್ಲ ಅಂತ.

ಹಾಗಂತ ಹಳೇದೆಲ್ಲಾ ಓಡಿಸೋಕೆ ಬಿಡಲ್ಲ ಕೂಡ. 2010ರ ಅಕ್ಟೋಬರಿಂದ ಸೋಲಾಸ್ ನಿಯಮ ಬಿಗಿಯಾಯ್ತು, ಬೇಗ ಬೆಂಕಿ ಹತ್ಕೊಳ್ಳೋ ಮರಗಿರ ಒಳಗೆ ಇರೋ ಹಾಗಿಲ್ಲ ಅಂತ, ಆಗ ಮರದ ಕೆತ್ತನೆ ತುಂಬಿದ್ದ ಎಷ್ಟೋ ಚಂದದ ಹಡಗುಗಳು ಒಂದೇ ಸಲಕ್ಕೆ ಹೋದ್ವು. ಆ ದುಃಖ ನಂಗಿನ್ನೂ ಇದೆ, ಆದ್ರೆ ನಿಯಮ ಸರಿಯಾಗೇ ಇತ್ತು.

ಕಿಟಕಿಸೀಟು, ಹೆಸರು ಹೇಳ್ಬೇಡಿ ಪರವಾಗಿಲ್ಲ. ಹಡಗಿನ ಮೈ ಮೇಲೆ ಐಎಂಓ (ಅಂತರರಾಷ್ಟ್ರೀಯ ಕಡಲ ಸಂಸ್ಥೆ) ಅಂತ ಬರೆದು ಏಳು ಅಂಕಿ ಇರುತ್ತೆ. ಹೆಸರು, ಬಾವುಟ, ಮಾಲೀಕ ಎಷ್ಟು ಸಲ ಬದಲಾದ್ರೂ ಆ ನಂಬರ್ ಸಾಯೋ ತನಕ ಒಂದೇ. ಅದನ್ನ ಹಾಕಿ ಹುಡುಕಿದ್ರೆ ನಿಮ್ಮ ಹಡಗಿನ ಜಾತಕ ಸಿಗುತ್ತೆ. ಗಂಟೆ ಇತ್ತಾ? ಗಂಟೆ ಮೇಲೆ ಸಾಮಾನ್ಯ ಮೊದಲನೇ ಹೆಸರೇ ಇರುತ್ತೆ, ಅದನ್ನ ಬದಲಾಯಿಸೋಕೆ ಮನಸ್ಸು ಬರಲ್ಲ ಯಾರಿಗೂ.

ನೀರಿನ_ಕೆಳಗಿನವನು

ನಾನು ನಾಲ್ಕು ಕಾಂಟ್ರ್ಯಾಕ್ಟ್ ಕ್ಯಾಬಿನ್ ಸ್ಟೂವರ್ಡ್ ಆಗಿದ್ದೆ. ನಿಮಗೆ ಸೀ ಡೇ ರಜೆ, ನಮಗೆ ಅದೇ ಉಲ್ಟಾ. ಬಂದರು ಬಂದ ದಿನ ಎಲ್ಲರೂ ಇಳಿದು ಹೋಗ್ತಾರೆ, ಹಡಗು ಖಾಲಿ, ಆರಾಮಾಗಿ ಕೆಲಸ ಮುಗಿಯುತ್ತೆ. ಸೀ ಡೇ ದಿನ ಎಲ್ಲರೂ ಒಳಗೇ ಇರ್ತಾರೆ, ಹನ್ನೊಂದಾದ್ರೂ ಬಾಗಿಲ ಮೇಲೆ ತೊಂದರೆ ಕೊಡ್ಬೇಡಿ ಅನ್ನೋ ಬೋರ್ಡ್, ಅದು ಯಾವಾಗ ತಿರುಗುತ್ತೆ ಅಂತ ಟ್ರಾಲಿ ಹಿಡ್ಕೊಂಡು ಕಾರಿಡಾರಲ್ಲಿ ಕಾಯೋದು.

ನಮ್ಮ ರೂಮ್ ಇದ್ದಿದ್ದು ನೀರಿನ ಮಟ್ಟಕ್ಕಿಂತ ಕೆಳಗೆ, ಕಿಟಕಿ ಇಲ್ಲ. ತಲೆ ಇಟ್ಟ ಕಡೆ ಗೋಡೆಯ ಆಚೆ ನೀರು ಹರಿಯೋ ಶಬ್ದ ಕೇಳ್ತಾ ಮಲಗೋದು. ಹಡಗು ಪಶ್ಚಿಮಕ್ಕೆ ಹೋದ್ರೆ ರಾತ್ರಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹಾಕ್ತಾರೆ, ಆ ದಿನ ಕೆಳಗೆ ಹಬ್ಬ, ಒಂದು ಗಂಟೆ ನಿದ್ದೆ ಪುಕ್ಕಟೆ. ಪೂರ್ವಕ್ಕೆ ಹೋಗೋವಾಗ ಅದೇ ಒಂದು ಗಂಟೆ ಕಿತ್ಕೋತಾರೆ, ಮಾರನೇ ದಿನ ಎಲ್ಲರ ಮುಖ ನೋಡ್ಬೇಕು. ದಿನಕ್ಕೆ ಕಡೇಪಕ್ಷ 10 ಗಂಟೆ ವಿಶ್ರಾಂತಿ ಕೊಡ್ಬೇಕು ಅಂತ ನಿಯಮ ಇದೆ, ಆದ್ರೆ ಅದನ್ನ ಎರಡು ತುಂಡು ಮಾಡಿ ಕೊಡಬಹುದು, ಆ ತುಂಡುಗಳ ಮಧ್ಯೆ ನಿದ್ದೆ ಹುಡುಕೋದು ನಮ್ಮ ಕೆಲಸ.

ಬ್ಲ್ಯಾಕ್‌ಔಟ್ ನಾನೂ ಒಂದ್ಸಲ ನೋಡಿದೀನಿ. ಕಾರಿಡಾರಲ್ಲಿ ಬಾಗಿಲುಗಳು ಸಾಲಾಗಿ ತೆರ್ಕೊಂಡ್ವು, ಎಲ್ಲಾ ತಲೆಗಳು ಹೊರಗೆ ಬಂದು ನನ್ನ ಮುಖಾನೇ ನೋಡ್ತಿದಾವೆ. ಏನಾಗಿದೆ ಅಂತ ನಂಗೂ ಗೊತ್ತಿಲ್ಲ. ಕೈಲಿದ್ದ ಟವೆಲ್ ಮಡಿಚೋದು ನಿಲ್ಲಿಸ್ಲಿಲ್ಲ. ಅಷ್ಟೇ ನಾನು ಮಾಡಿದ್ದು, ಮಡಿಚಿದ್ದನ್ನೇ ಬಿಚ್ಚಿ ಮತ್ತೆ ಮಡಿಚಿದೆ. ತಲೆಗಳು ಒಂದೊಂದಾಗಿ ಒಳಗೆ ಹೋದ್ವು.

ಸಂದೇಹಾಸುರ

ಈ ಕಡೇ ಕಾಮೆಂಟ್ ಚೆನ್ನಾಗಿದೆ. ಗುಜರಿ ಅನ್ನೋ ಮಾತು ವಾಪಸ್ ತಗೋತೀನಿ, ಆದ್ರೆ ಬಕೆಟ್ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಅಷ್ಟೂ ದಿನ ಒಂದು ಪೈಪ್ ಸುತ್ತೋಕೆ ಆಗ್ಲಿಲ್ವಾ?

ಕಬ್ಬಿಣದ_ಕಡಲೆ

ಅದಕ್ಕೆ ನನ್ನ ಹತ್ರಾನೂ ಉತ್ತರ ಇಲ್ಲ. ಸುತ್ತಬೇಕಿತ್ತು.

ಕಿಟಕಿಸೀಟು

ಎಲ್ಲರಿಗೂ ಥ್ಯಾಂಕ್ಸ್. ಹುಚ್ಚ ಅವರೇ, ಗಂಟೆ ಇತ್ತು, ಮೆಟ್ಟಿಲ ಹತ್ರ ಗಾಜಿನ ಪೆಟ್ಟಿಗೇಲಿ, ಮೊದಲನೇ ಹೆಸರೇ ಇತ್ತು, ನೀವು ಹೇಳಿದ ಹಾಗೇ. ಮೂತಿ ಮೇಲೆ ಕಂಡಿದ್ದು ಎರಡನೇ ಹೆಸರು. ಮೂರನೇದು ಎಲ್ಲಾ ಟವೆಲ್ ಮೇಲೆ.

ಆ ದಿನದ್ದು ಸ್ವಲ್ಪ ಉಳ್ಕೊಂಡಿತ್ತು, ಹೇಳ್ಬಿಡ್ತೀನಿ. ನನ್ನ ಕಪ್ ಜಾರಿ ಹೋಗದ ಹಾಗೆ ಕೈಲೇ ಹಿಡ್ಕೊಂಡಿದ್ದೆ. 40 ನಿಮಿಷ ಆದ್ಮೇಲೆ ತಣ್ಣಗಾಗಿದ್ದ ಆ ಕಾಫಿ ಮೇಲೆ ಮೊದಲು ಒಂದು ಬಳೆ ಬಂತು, ಹೋಯ್ತು, ಆಮೇಲೆ ಒಂದರ ಒಳಗೆ ಒಂದು. ನಾನು ಎದುರಿದ್ದ ಅಜ್ಜಿಗೆ ಬಂತು ಅಂತ ತೋರಿಸ್ದೆ, ಅವರು ಅದನ್ನ ನೋಡಿ ತಲೆ ಆಡಿಸಿ ಉಲ್ಲನ್ ಉಂಡೆ ಮೇಲಿಂದ ಕಾಲು ತೆಗೆದ್ರು. ರಾತ್ರಿ ಊಟ ಆದ್ಮೇಲೆ ಹಿಂದಿನ ಡೆಕ್ಕಿಗೆ ಹೋದ್ರೆ ದಿನಾ ಯಾರೂ ಇರದ ಜಾಗದಲ್ಲಿ ಹತ್ತಿಪ್ಪತ್ತು ಜನ ಕಂಬಿ ಹಿಡ್ಕೊಂಡು ಪ್ರೊಪೆಲ್ಲರ್ ಬಿಟ್ಟು ಹೋಗ್ತಿದ್ದ ಬಿಳೀ ನೊರೆ ದಾರೀನ ನೋಡ್ತಾ ನಿಂತಿದ್ರು. ಯಾರೂ ಜಾಸ್ತಿ ಮಾತಾಡ್ತಿರ್ಲಿಲ್ಲ. ಆ ರಾತ್ರಿ ಕಿರ್‌ರ್ ಶಬ್ದಕ್ಕೆ ಚೆನ್ನಾಗಿ ನಿದ್ದೆ ಬಂತು, ತಮ್ಮನಿಗೆ ಬರ್ಲಿಲ್ಲ.

ಇಳಿಯೋ ದಿನ ಬೆಳಗ್ಗೆ ಆ ಸೀ ಡೇಯ ಕಾರ್ಯಕ್ರಮಪಟ್ಟಿ ನಾಲ್ಕು ಮಡಿಕೆ ಮಾಡಿ ಡ್ರಾಯರ್ ಸಂದಿಗೆ ಸಿಕ್ಕಿಸಿ ಬಂದೆ.

ನಿದ್ದೆಪ್ರಿಯೆ

ಮುಂದಿನೋರೂ ಶುಚಿಯೋರೇ ಆಗಿದ್ರೆ ಮುಗೀತು ಕಥೆ 😄

ಸಂದೇಹಾಸುರ

ಕ್ಯಾಬಿನ್ ನಂಬರ್ ಎಷ್ಟು? ಸುಮ್ನೆ ಕೇಳ್ದೆ.